ತಳ್ಳುತ್ತಲೇ ಬದುಕಿದ ಉಗಿದೋಣಿ

ಟೋಬೋಟ್ ಎಂದರೆ ಎಳೆದೊಯ್ಯುವ ದೋಣಿ ಎಂದರ್ಥ. ಆದರೆ ಅಮೆರಿಕದ ನದಿಗಳಲ್ಲಿ ಈ ಹೆಸರು ಹೊತ್ತ ದೋಣಿಗಳು ಎಳೆಯುವುದಿಲ್ಲ, ತಳ್ಳುತ್ತವೆ. ಹಗ್ಗ ಕಟ್ಟಿ ಎಳೆದರೆ ತಿರುವುಗಳಲ್ಲಿ ಹಿಂದಿನ ದೋಣಿಗಳು ಓಲಾಡುತ್ತವೆ. ಮುಂದಿನದು ನಿಂತರೂ ಹಿಂದಿನವು ನಿಲ್ಲದೆ ಬಂದು ಡಿಕ್ಕಿ ಹೊಡೆಯುತ್ತವೆ. ಜಡತ್ವ ಯಾರ ಮಾತನ್ನೂ ಕೇಳುವುದಿಲ್ಲ. ಅದಕ್ಕೇ ಸರಕಿನ ದೋಣಿಗಳನ್ನೆಲ್ಲ ಬಿಗಿಯಾಗಿ ಬೆಸೆದು ಮುಂದಿಟ್ಟು, ಒಂದೇ ಕಾಯದಂತೆ ನೂಕಿಕೊಂಡು ಹೋಗುವ ಪದ್ಧತಿ ಬೆಳೆಯಿತು.

ಆ ಪೈಕಿ ಉಳಿದುಕೊಂಡಿರುವ ಅಪರೂಪದ ದೋಣಿ 'ಡಬ್ಲ್ಯು. ಪಿ. ಸ್ನೈಡರ್ ಜೂನಿಯರ್'. 1918ರಲ್ಲಿ ಕಾರ್ನೆಗಿ ಉಕ್ಕಿನ ಕಂಪೆನಿಗಾಗಿ ಪಿಟ್ಸ್‌ಬರ್ಗ್‌ನಲ್ಲಿ ಇದನ್ನು ಕಟ್ಟಿದಾಗ ಇಟ್ಟ ಹೆಸರು ಬೇರೆ. 1945ರಲ್ಲಿ ಇನ್ನೊಂದು ಉಕ್ಕಿನ ಕಂಪೆನಿಯ ಕೈಸೇರಿದ ಮೇಲೆ ಈಗಿನ ಹೆಸರು ಬಂತು. ಕೆಲಸ ಮಾತ್ರ ಬದಲಾಗಲಿಲ್ಲ. ಮೊನೊಂಗಹೀಲಾ ನದಿಯಲ್ಲಿ ಕಲ್ಲಿದ್ದಲು ಸಾಗಿಸುವುದು, ಅಷ್ಟೇ.

ಹಿಂಭಾಗದಲ್ಲಿ ಮನೆಯಷ್ಟು ಎತ್ತರದ ಚಕ್ರ. ಅದರ ಹಲಗೆಗಳು ನೀರನ್ನು ಹಿಂದಕ್ಕೆ ತಳ್ಳಿದರೆ ನೀರು ದೋಣಿಯನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ ಎಂದು ಹೈಸ್ಕೂಲು ಹುಡುಗನೂ ಹೇಳಿಯಾನು. ಸ್ವಾರಸ್ಯವಿರುವುದು ಬೇರೆ ಕಡೆ. ಬೈಸಿಕಲ್ಲಿನ ಪೆಡಲು ನೆಟ್ಟಗೆ ಮೇಲೆ ಬಂದು ನಿಂತಾಗ ಎಷ್ಟು ತುಳಿದರೂ ಚಕ್ರ ಕದಲುವುದಿಲ್ಲ. ಉಗಿಯಂತ್ರಕ್ಕೂ ಇದೇ ಸಂಕಟ. ಪರಿಹಾರವಾಗಿ ಚಕ್ರದ ಎರಡು ಬದಿಗೂ ಒಂದೊಂದು ಯಂತ್ರವಿಟ್ಟು, ಅವುಗಳ ತಿರುಗೋಲುಗಳನ್ನು 90 ಡಿಗ್ರಿ ಕೋನದಲ್ಲಿ ಜೋಡಿಸುತ್ತಿದ್ದರು. ಒಂದು ಅಸಹಾಯಕವಾದ ಗಳಿಗೆಯಲ್ಲಿ ಇನ್ನೊಂದು ಪೂರ್ಣ ಬಲದಲ್ಲಿರುತ್ತದೆ. ರೈಲಿನ ಉಗಿ ಎಂಜಿನ್ನಿನಲ್ಲೂ ಇದೇ ಉಪಾಯ.

ಡೀಸೆಲ್ ಬಂತು, ಉಗಿಯ ಕಾಲ ಮುಗಿಯಿತು. ಗುಜರಿಗೆ ಹೋಗಬೇಕಿದ್ದ ಸ್ನೈಡರ್ 1955ರಲ್ಲಿ ಓಹಿಯೋ ರಾಜ್ಯದ ಇತಿಹಾಸ ಸಂಸ್ಥೆಗೆ ದಾನವಾಗಿ ಬಂದು, ಮಸ್ಕಿಂಗಮ್ ನದಿಯ ಮರಿಯೆಟ್ಟಾದಲ್ಲಿ ನೆಲೆ ಕಂಡಿತು. 1989ರಲ್ಲಿ ರಾಷ್ಟ್ರೀಯ ಸ್ಮಾರಕವೆಂಬ ಮನ್ನಣೆಯೂ ದೊರೆಯಿತು.

ಮನ್ನಣೆ ತುಕ್ಕನ್ನು ತಡೆಯುವುದಿಲ್ಲ. ದೋಣಿಯನ್ನು ತೇಲಿಸುವ ನೀರೇ ಅದರ ತಳವನ್ನು ತಿನ್ನುತ್ತದೆ. ದಡಕ್ಕೆತ್ತಿ ಇಟ್ಟರೆ ಉಳಿತಾಯ ನಿಜ, ಆದರೆ ಆಗ ಅದು ಕಟ್ಟಡವಾದೀತೇ ಹೊರತು ದೋಣಿಯಲ್ಲ. ಮರಿಯೆಟ್ಟಾದವರು ಕಷ್ಟದ ದಾರಿಯನ್ನೇ ಹಿಡಿದರು. ಈ ಶತಮಾನದಲ್ಲಿ ಅದನ್ನು ದುರಸ್ತಿ ಅಂಗಳಕ್ಕೆ ಒಯ್ದು ತಳದ ಉಕ್ಕನ್ನು ಹೊಸದಾಗಿ ಹಾಕಿಸಿದರು. ಉಕ್ಕಿಗಾಗಿ ದುಡಿದ ದೋಣಿಗೆ ಉಕ್ಕಿನ ಋಣ ಸಂದಂತಾಯಿತು.

ಅದರ ಬಾಯ್ಲರಿನಲ್ಲಿ ಬೆಂಕಿಯಿಲ್ಲ. ಎಲ್ಲಿಗೆ ಹೋಗಬೇಕಾದರೂ ಡೀಸೆಲ್ ದೋಣಿಯೊಂದು ಬಂದು ತಳ್ಳಬೇಕು.