ಮೋಡವಿಲ್ಲದ ತಿಂಗಳು

ಬೇಂದ್ರೆಯವರು 1943ರಲ್ಲಿ ಕನ್ನಡಿಸಿದ ಮೇಘದೂತವನ್ನು ನೆನೆದಾಗಲೆಲ್ಲ ನನಗೆ ಯಕ್ಷನಿಗಿಂತ ಮೊದಲು ನಮ್ಮ ಶಾಲೆಯಲ್ಲಿ ಕಲಿತು ಕಾಲೇಜು ಸೇರಿದ್ದ ಶಿಷ್ಯನೊಬ್ಬನ ಮುಖವೇ ಕಾಣುತ್ತದೆ.

ಮಳೆ ಕೈಕೊಟ್ಟ ವರ್ಷ ಆದವಾನಿ, ಕೋಸಿಗಿ ಸೀಮೆಯ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುವುದು ವಾಚಕರಿಗೆ ತಿಳಿದದ್ದೇ. ಅವನಿಗೆ ನಿಶ್ಚಯವಾಗಿದ್ದ ಸೋದರಮಾವನ ಮಗಳೂ ಹಾಗೆಯೇ ಹೋಗಿದ್ದಳು. ನಾಲ್ಕು ಪುಟದ ಪತ್ರ ಬರೆದು ನನ್ನಲ್ಲಿಗೆ ಬಂದ. ವಿಳಾಸದ ಜಾಗ ಖಾಲಿ. ಹೊಲದ ಬದುವಿನ ಗುಡಾರಕ್ಕೆ ಅಂಚೆಯವನು ಹೋಗುವುದುಂಟೆ? ಅವಳಿಗೆ ಓದು ಬಾರದು. ಓದಿ ಹೇಳಬೇಕಾದವನು ಆಕೆಯ ತಂದೆಯೇ!

“ಸರ್, ಯಕ್ಷ ಪುಣ್ಯವಂತ. ಅವನಿಗೆ ಆಕೆ ಇರುವ ಊರಾದರೂ ಗೊತ್ತಿತ್ತು” ಎಂದ.

ಪುಷ್ಯಮಾಸದ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಯುಗಾದಿಯ ಹೊತ್ತಿಗೆ ಲಾರಿಗಳು ಮರಳುತ್ತವೆ ಎಂದೆ. ಅವನು ಬೆರಳು ಮಡಿಸಿ ದಿನಗಳನ್ನು ಎಣಿಸತೊಡಗಿದ.