ಕತ್ತೆಯಾಟದ ಮಂಡಲ

ಮಲೆನಾಡಿನ ಮನೆಗಳಲ್ಲಿ ಇಸ್ಪೀಟಿಗೆ ಅದರದೇ ಒಂದು ಹೊತ್ತಿದೆ. ತಿಥಿಯೋ ಸತ್ಯನಾರಾಯಣ ಕಥೆಯೋ ಮುಗಿದು, ಊಟವಾಗಿ, ಕವಳ ಹಾಕಿಯಾಗಿ, ಸಂಜೆ ಬಸ್ಸಿಗೆ ಇನ್ನೂ ಎರಡು ಮೂರು ತಾಸು ಇರುವಾಗ ಜಗಲಿಯ ಮೇಲೆ ಕಂಬಳಿ ಬೀಳುತ್ತದೆ. ಗಂಡಸರ ಮಂಡಲವೊಂದು ಇಪ್ಪತ್ತೆಂಟಕ್ಕೆ ಕೂರುತ್ತದೆ. ಅಲ್ಲಿ ಮಾತು ಕಡಿಮೆ, ಲೆಕ್ಕ ಜಾಸ್ತಿ. ಒಳಗಿನ ಪಡಸಾಲೆಯಲ್ಲಿ ಅಜ್ಜಿಯರು, ಮಕ್ಕಳು, ಅಡುಗೆಮನೆಯಿಂದ ಆಗಷ್ಟೇ ಹೊರಬಂದ ಅತ್ತಿಗೆ ನಾದಿನಿಯರು ಸೇರಿ ಇನ್ನೊಂದು ಮಂಡಲ. ನಾನು ಹುಡುಕಿಕೊಂಡು ಹೋಗುವುದು ಈ ಎರಡನೆಯದನ್ನು. ಅಲ್ಲಿ ಆಡುವುದು ಕತ್ತೆ.

ಕತ್ತೆಯಾಟ ಕಲಿಸಲು ಒಂದು ಸುತ್ತು ಸಾಕು. 52 ಎಲೆಗಳನ್ನೂ ಹಂಚಿಬಿಡುವುದು. ಇಸ್ಪೀಟಿನ ಎಕ್ಕ ಯಾರಿಗೆ ಬಿದ್ದಿದೆಯೋ ಅವರು ಮೊದಲು ಇಳಿಯುವುದು. ಉಳಿದವರು ಅದೇ ಜಾತಿಯ ಎಲೆ ಹಾಕಬೇಕು. ಎಲ್ಲರೂ ಹಾಕಿದರೆ ಆ ಎಲೆಗಳು ಆಟದಿಂದಲೇ ಹೊರಗೆ. ದೊಡ್ಡ ಎಲೆ ಹಾಕಿದವರು ಮತ್ತೆ ಇಳಿಯುತ್ತಾರೆ. ಆ ಜಾತಿ ಕೈಯಲ್ಲಿ ಇಲ್ಲದವರು ಬೇರೆ ಎಲೆ ಹಾಕಿ ಹೊಡೆದರೋ, ಅಷ್ಟು ಹೊತ್ತಿಗೆ ದೊಡ್ಡ ಎಲೆ ಹಾಕಿದವರು ಕಂಬಳಿ ಮೇಲಿರುವ ಅಷ್ಟನ್ನೂ ಬಾಚಿಕೊಳ್ಳಬೇಕು. ಕೊನೆಗೆ ಎಲೆ ಯಾರ ಕೈಯಲ್ಲಿ ಉಳಿಯುತ್ತದೋ ಅವರೇ ಕತ್ತೆ.

ಇಷ್ಟು ಸರಳವಾದ ಆಟದಲ್ಲಿ ರುಚಿ ಎಲ್ಲಿಂದ ಬರುತ್ತದೆ ಎಂದರೆ, ದೊಡ್ಡ ಎಲೆಯೇ ಇಲ್ಲಿ ದೊಡ್ಡ ಹೊರೆ. ಎಲ್ಲರ ಕೈಯಲ್ಲೂ ಎಲ್ಲ ಜಾತಿ ಇರುವ ಮೊದಮೊದಲಲ್ಲೇ ಎಕ್ಕ, ರಾಜಗಳನ್ನು ದಾಟಿಸಿಬಿಡಬೇಕು. ಹೊತ್ತು ಹೋದಂತೆ ಎರಡು ಮೂರುಗಳೇ ಆಪದ್ಬಾಂಧವರು. ಆರು ವರ್ಷದ ಮಗು ಎಕ್ಕ ಬಂತೆಂದು ಹಿಗ್ಗಿ ಅದನ್ನು ಕೊನೆಯವರೆಗೆ ಇಟ್ಟುಕೊಂಡಿರುತ್ತದೆ. ಒಂದೆರಡು ಆಟ ಕಳೆಯುವುದರೊಳಗೆ ತಾನಾಗಿಯೇ ಕೈ ಬಿಡುವುದನ್ನು ಕಲಿಯುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಹೇಳಿಕೊಡಲೂ ಬಾರದು.

ನಮ್ಮಮ್ಮ ಎಲೆ ಹಿಡಿಯುವುದನ್ನು ನೋಡುತ್ತ ಕೂರುವುದೇ ನನಗೊಂದು ಸುಖ. ಹಂಚುವಾಗ ಒಂದೊಂದೇ ಎತ್ತುವವಳಲ್ಲ. ಅಷ್ಟೂ ಬೀಳಲಿ ಎಂದು ಕಾಯುತ್ತಾಳೆ. ಆಮೇಲೆ ಕಟ್ಟನ್ನು ಎಡಗೈಗೆ ತೆಗೆದುಕೊಂಡು ಬಲಗೈ ಹೆಬ್ಬೆರಳಿನಿಂದ ಬೀಸಣಿಗೆಯಂತೆ ಬಿಡಿಸುತ್ತಾಳೆ. ಕಣ್ಣಿಗೆ ಪೊರೆ ಬಂದಾಗಿನಿಂದ ಕೆಂಪು ಪಕ್ಕ ಕೆಂಪು ಇಡುವುದಿಲ್ಲ: ಇಸ್ಪೀಟು, ಆಟೀನು, ಕಳಾವರ, ಡೈಮಂಡು, ಹೀಗೆ ಕಪ್ಪು ಕೆಂಪು ಒಂದರ ಮಧ್ಯೆ ಒಂದು. ಆಪರೇಷನ್ ಆಗಿ ಕಣ್ಣು ಸರಿಹೋದ ಮೇಲೂ ಆ ಕ್ರಮ ಬಿಟ್ಟಿಲ್ಲ. ಪಕ್ಕದಲ್ಲಿ ಕೂತ ಅಣ್ಣನ ಮೊಮ್ಮಗನ ಪುಟ್ಟ ಕೈಗೆ ಅಷ್ಟೆಲ್ಲ ಎಲೆ ಹಿಡಿಸುವುದಿಲ್ಲ. ಅವನು ಮಣೆಯೊಂದನ್ನು ಅಡ್ಡ ನಿಲ್ಲಿಸಿ ಅದರ ಹಿಂದೆ ಎಲೆ ಸಾಲಾಗಿ ಹರಡಿಕೊಳ್ಳುತ್ತಾನೆ. ಬೇಕಾದ ಎಲೆ ಹುಡುಕುವಷ್ಟು ಹೊತ್ತು ಇಡೀ ಮಂಡಲ ಕಾಯುತ್ತದೆ. ‘ಬೇಗ ಹಾಕೋ’ ಅಂದವರಿಗೆ ಅಮ್ಮನ ಕಣ್ಣಿನಿಂದಲೇ ಉತ್ತರ.

ಮಕ್ಕಳೊಡನೆ ಆಡುವಾಗ ಬೇಕೆಂದೇ ಸೋಲುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ, ಅಮ್ಮನಿಗಂತೂ ಮೊದಲೇ ಇಲ್ಲ. ಚದುರಂಗದಲ್ಲಾದರೆ ದೊಡ್ಡವರು ಬಿಟ್ಟುಕೊಡದೆ ಮಗು ಗೆಲ್ಲಲಾರದು. ಇಸ್ಪೀಟಿನಲ್ಲಿ ಆ ಕೆಲಸವನ್ನು ಅದೃಷ್ಟ ನೋಡಿಕೊಳ್ಳುತ್ತದೆ. ಬಿದ್ದ ಎಲೆ ಚೆನ್ನಾಗಿದ್ದರೆ ಒಂದನೇ ಕ್ಲಾಸಿನವನು ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದ ನಮ್ಮ ಭಾವನನ್ನು ಕತ್ತೆ ಮಾಡುತ್ತಾನೆ, ಅದೂ ನಿಜವಾಗಿ. ಸೋತವರು ಕತ್ತೆಯಂತೆ ಕೂಗಬೇಕೆಂಬುದು ನಮ್ಮನೆಯ ಕಾನೂನು. ಭಾವ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕೊಟ್ಟಿಗೆಯ ದನ ಕಿವಿ ನಿಮಿರಿಸುವ ಹಾಗೆ ಕೂಗಿದರು. ಮಗುವಿನ ಗೆಲುವಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಅಮ್ಮನಿಗೆ ಇನ್ನೊಂದು ಪಟ್ಟು: ಎಲೆ ಚೆನ್ನಾಗಿ ಕಲಸಬೇಕು. ಕಟ್ಟನ್ನು ಎರಡು ಪಾಲು ಮಾಡಿ, ಅಂಚು ಬಾಗಿಸಿ ಒಂದರೊಳಗೊಂದು ಬಿಡುವ ಕಲಸು ಏಳು ಸಲವಾದರೆ ಸಾಕು ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿಕೊಟ್ಟರು. ಅಷ್ಟು ಕೈಚಳಕ ಮಕ್ಕಳಿಗೆಲ್ಲಿ ಬರಬೇಕು. ಅವರು ಕಂಬಳಿಯ ಮೇಲೆ ಎಲೆ ಹರವಿ ಎರಡೂ ಅಂಗೈಯಲ್ಲಿ ಉಜ್ಜಾಡುತ್ತಾರೆ. ಅದೂ ಒಳ್ಳೆಯ ಕಲಸೇ. 52 ಎಲೆಗಳನ್ನು ಎಷ್ಟು ಬಗೆಯಲ್ಲಿ ಒಂದರ ಮೇಲೊಂದು ಜೋಡಿಸಬಹುದು ಎಂದು ಲೆಕ್ಕ ಹಾಕಿದರೆ 68 ಅಂಕಿಗಳ ಸಂಖ್ಯೆ ಬರುತ್ತದೆ. ಹಾಗಾಗಿ ಚೆನ್ನಾಗಿ ಕಲಸಿದ ಕಟ್ಟಿನ ಕ್ರಮ ಹಿಂದೆ ಎಂದೂ ಯಾರ ಮುಂದೆಯೂ ಬಂದಿರಲಾರದು. ಈ ಲೆಕ್ಕ ತಿಳಿದ ಮೇಲೆ ಆಟದ ಮೇಲಿನ ನನ್ನ ಪ್ರೀತಿ ಹೆಚ್ಚಿತು. ಜೀವಮಾನವಿಡೀ ಆಡಿದ ಅಮ್ಮನಿಗೂ ಮೊನ್ನೆ ಕಲಿತ ಹುಡುಗನಿಗೂ ಆ ಹಂಚಿಕೆ ಒಂದೇ ಸಮ ಹೊಸದು. ಮನೆಯ ಬೇರೆ ಯಾವ ವಿಷಯದಲ್ಲೂ ಅವರಿಬ್ಬರು ಹೀಗೆ ಒಂದೇ ಗೆರೆಯಿಂದ ಹೊರಡುವುದಿಲ್ಲ.

ಏಳರ ಆಟದಲ್ಲಿ ಅಮ್ಮನ ಸ್ವಭಾವವೇ ಬೇರೆ. ಮಹಾರಾಷ್ಟ್ರದ ಕಡೆ ಬದಾಮ್ ಸಾತ್ ಅನ್ನುವುದು ಇದನ್ನೇ. ಏಳನ್ನು ನಡುವೆ ಇಟ್ಟು, ಮೇಲೆ ರಾಜನವರೆಗೆ, ಕೆಳಗೆ ಎಕ್ಕದವರೆಗೆ ಜೋಡಿಸುತ್ತ ಹೋಗುವುದು. ಕಳಾವರ ಎಂಟು ಕೈಯಲ್ಲಿಟ್ಟುಕೊಂಡು, ಬೇರೆ ಎಲೆ ಇರುವಷ್ಟು ಕಾಲ ಅದನ್ನು ಬಿಡದೆ ಮೂರು ತಲೆಮಾರಿನವರಿಂದ ಪಾಸ್ ಪಾಸ್ ಅನ್ನಿಸುತ್ತಾಳೆ. ಊಟಕ್ಕೆ ಕೂತರೆ ತನ್ನ ಪಾಲಿನ ಹೋಳಿಗೆಯನ್ನೂ ಬಡಿಸಿಬಿಡುವ ಹೆಂಗಸು ಎಂಟು ಬಿಡುವುದಿಲ್ಲ! ಮೊಮ್ಮಕ್ಕಳು ಅವಳನ್ನು ಪೂರ್ತಿ ತಿಳಿದುಕೊಳ್ಳುವುದು ಇಲ್ಲೇ ಎಂದು ನನ್ನ ನಂಬಿಕೆ. ಬೇಸಿಗೆಗೆ ಹೊರದೇಶದಿಂದ ಬರುವ ಅಕ್ಕನ ಮೊಮ್ಮಗಳಿಗೆ ಕನ್ನಡ ಸರಾಗವಲ್ಲ. ಆದರೆ ‘ಅಜ್ಜಿ, ಎಂಟು ಬಿಡು’ ಎಂದು ಜಗಳವಾಡುವಷ್ಟು ಬರುತ್ತದೆ.

ಇಸ್ಪೀಟೆಂದರೆ ಮುಖ ಸಿಂಡರಿಸುವ ಮನೆಗಳಿವೆ. ಜುಗಾರಿಯಲ್ಲಿ ತೋಟ ಕಳೆದವರ ಕಥೆ ನಮ್ಮ ಕಡೆ ಪ್ರತಿ ಊರಿನಲ್ಲೂ ಸಿಗುತ್ತದೆ. ಆ ಭಯ ಸುಮ್ಮನೆ ಬಂದದ್ದಲ್ಲ. ಹಣ ಬಂದ ಕ್ಷಣ ಮಂಡಲದಿಂದ ಮಕ್ಕಳು ಏಳಬೇಕಾಗುತ್ತದೆ, ಅಜ್ಜಿಯೂ ಏಳುತ್ತಾಳೆ. ನಮ್ಮಲ್ಲಿ ಲೆಕ್ಕಕ್ಕೆ ಗೋಟಡಿಕೆ. ಆಟ ಮುಗಿದ ಮೇಲೆ ಎಲ್ಲವೂ ಅದೇ ಬುಟ್ಟಿಗೆ ವಾಪಸು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಎಲೆಯಾಟದ ಮೇಲೆ ಅಪಾರ ಒಲವು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫದ ಆಟಗಳನ್ನು ವಿವರವಾಗಿ ಬರೆಸಿದರು. ದಶಾವತಾರದ ಗಂಜೀಫವೆಂದರೆ ಅವತಾರಕ್ಕೆ ಹನ್ನೆರಡರಂತೆ 120 ದುಂಡನೆಯ ಎಲೆಗಳು. ಹಗಲಾದರೆ ರಾಮ, ರಾತ್ರಿಯಾದರೆ ಕೃಷ್ಣ ಮೊದಲು ಇಳಿಯುವ ಸೊಗಸಾದ ಪದ್ಧತಿ. ಈಗ ಆ ಎಲೆಗಳನ್ನು ಹೆಚ್ಚಾಗಿ ಚೌಕಟ್ಟು ಹಾಕಿದ ಚಿತ್ರಗಳಾಗಿ ಕಾಣುತ್ತೇವೆ. ನೋಡಿದಾಗಲೆಲ್ಲ ಇವುಗಳನ್ನು ಕಲಸಿ ಹಂಚುವ ಕೈಗಳು ಬೇಕಿತ್ತು ಅನಿಸುತ್ತದೆ. ಎಲೆಯ ಅಂಚು ಬೆರಳಿನ ಎಣ್ಣೆಗೆ ಮಾಸಿ ಮೆತ್ತಗಾಗಬೇಕು. ನಮ್ಮನೆಯ ಕಟ್ಟಿನಲ್ಲಿ ಆಟೀನು ರಾಣಿಯ ಮೂಲೆ ಮುರಿದು, ಬೆನ್ನು ನೋಡಿಯೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಹೊಸ ಕಟ್ಟು ತಂದ ದಿನ ಮಕ್ಕಳೆಲ್ಲ ಅದನ್ನು ಮೂಸಿ ನೋಡಿದರು.

ಅಣ್ಣನ ದೊಡ್ಡ ಮೊಮ್ಮಗಳು ಈಗ ಕತ್ತೆಯಲ್ಲಿ ಯಾವ ಜಾತಿಯ ಎಷ್ಟು ಎಲೆ ಹೋಯಿತೆಂದು ಎಣಿಸತೊಡಗಿದ್ದಾಳೆ. ಅಂದರೆ ಇಪ್ಪತ್ತೆಂಟಕ್ಕೆ ತಯಾರಾದಳು. ಏಳರಿಂದ ಮೇಲಿನ 32 ಎಲೆಗಳ ಆಟ ಅದು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಜಾತಿಗೆ ಏಳರಂತೆ ಒಟ್ಟು ಇಪ್ಪತ್ತೆಂಟು. ರಾಜ ರಾಣಿಯರಿಗೆ ಬೆಲೆಯೇ ಇಲ್ಲ ಎಂದು ಕೇಳಿ ಅವಳು ಕಣ್ಣರಳಿಸಿದಳು. ನಾಲ್ವರಲ್ಲಿ ಎದುರು ಬದುರು ಕೂತವರು ಜೋಡಿ. ಬಾಯಿ ಬಿಡುವಂತಿಲ್ಲ, ಜೊತೆಗಾರರ ಮನಸ್ಸನ್ನು ಅವರು ಹಾಕಿದ ಎಲೆಯಿಂದಲೇ ಓದಬೇಕು. ಈ ಬೇಸಿಗೆಗೆ ಅವಳನ್ನು ಜಗಲಿಯ ಮಂಡಲದಲ್ಲಿ ಅಮ್ಮನ ಎದುರಿಗೇ ಕೂರಿಸುವುದೆಂದು ತೀರ್ಮಾನವಾಗಿದೆ. ಇನ್ನೊಂದು ಜೋಡಿ ನಾನು ಮತ್ತು ಭಾವ. ಅವರಿಬ್ಬರನ್ನು ಸೋಲಿಸುವುದು ಸುಲಭವಿಲ್ಲವೆಂದು ಭಾವ ಆಗಲೇ ಫೋನು ಮಾಡಿ ಹೇಳಿದ್ದಾರೆ.