ಕರಕಿಯ ಬೇರಿನ ಬೆನ್ನುಹತ್ತಿ

ಎರಿ ಮಣ್ಣನ್ನು ಬಕೀಟಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಿಗ್ಗೆ ಸಣ್ಣ ಕಣ್ಣಿನ ಜರಡಿಯ ಮೇಲೆ ತೊಳೆಯುವುದೆಂದರೆ ನನಗೆ ಪ್ರಾಣ. ಕಪ್ಪು ನೀರು ಇಳಿದಿಳಿದು ತಿಳಿಯಾಗುತ್ತ ಬಂದಂತೆ ಕರಕಿಯ ಬೇರುಗಳು ಒಂದೊಂದಾಗಿ ಮೇಲೇಳುತ್ತವೆ. ಜೀವವಿರುವ ಬೇರು ಬೆಳ್ಳಗೆ, ಬಗ್ಗಿಸಿದರೆ ಬಗ್ಗುತ್ತದೆ. ಸತ್ತದ್ದು ಕಂದು, ಚಿಮಟ ತಾಗಿದರೆ ಮುರಿಯುತ್ತದೆ. ಗಿಣ್ಣು ಕಂಡರೆ ಅದು ಬೇರೇ ಅಲ್ಲ, ನೆಲದೊಳಗೆ ಹರಿದ ಕಾಂಡ. ನಾರಾಯಣಖೇಡದ ಎರಿ ಹೊಲಗಳಲ್ಲಿ ರೈತರನ್ನು ಕಾಡುವುದು ಇದೇ. ಒಂದು ತುಂಡು ಉಳಿದರೂ ಮತ್ತೆ ಚಿಗುರುತ್ತದೆ.

ಆಮೇಲೆ ಎಣಿಕೆ. ಸೆಂಟಿಮೀಟರ್ ಚೌಕದ ಹಾಳೆಯ ಮೇಲೆ ಗಾಜಿನ ತಟ್ಟೆಯಿಟ್ಟು, ನೀರಿನಲ್ಲಿ ಬೇರು ಹರವಿ, ಅದು ಎಷ್ಟು ಕಡೆ ಗೆರೆ ದಾಟಿತೆಂದು ನೋಡಬೇಕು. 14 ಸಲ ದಾಟಿದರೆ 11 ಸೆಂ.ಮೀ. ಬೇರು. 1966ರಲ್ಲಿ ನ್ಯೂಮನ್ ಎಂಬ ಸಂಶೋಧಕರು ಹೇಳಿದ ಈ ವಿಧಾನವನ್ನು 1975ರಲ್ಲಿ ಟೆನೆಂಟ್ ಎಂಬವರು ಇಷ್ಟು ಸರಳಗೊಳಿಸಿದರು. ಎಂಥ ಚೆಲುವಾದ ಲೆಕ್ಕ! ಅಮೆರಿಕದ ಡಿಟ್ಮರ್ 1937ರಲ್ಲಿ, ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆದ ಒಂದೇ ಒಂದು ರೈ ಗಿಡದ ಬೇರನ್ನು ಲೆಕ್ಕಹಾಕಿದಾಗ ಸುಮಾರು 623 ಕಿ.ಮೀ. ಆಯಿತು. ಹೈದರಾಬಾದಿನಿಂದ ಹೊರಟರೆ ಬೆಂಗಳೂರು ದಾಟುವಷ್ಟು.

ಆದರೆ ತೊಳೆದ ಬೇರಿಗೆ ಉದ್ದವಿದೆ, ಆಕಾರವಿಲ್ಲ. ಅದು ಎತ್ತ ಹೊರಳಿತ್ತು, ಯಾವ ಕಲ್ಲನ್ನು ಸುತ್ತಿ ಹೋಗಿತ್ತು ಎಂಬುದಕ್ಕೆ ಕುಣಿ ತೋಡಬೇಕು. ಜಹೀರಾಬಾದಿನ ಜಂಬಿಟ್ಟಿಗೆ ನೆಲದಲ್ಲಂತೂ ಬೇರೆ ದಾರಿಯಿಲ್ಲ, ಮಣ್ಣು ತೆಗೆಯುವ ಕೊಳವೆ ಗೇಣುದ್ದವೂ ಇಳಿಯದೆ ನಿಲ್ಲುತ್ತದೆ. ಕುಣಿಯ ಗೋಡೆಯನ್ನು ಮೊಳೆಯಿಂದ ಕೆದರುತ್ತ ಬೇರನ್ನು ಬಿಡಿಸಿ, ಅಳತೆ ಹಿಡಿದು ಚಿತ್ರ ಬರೆಯಬೇಕು. ನೆಬ್ರಾಸ್ಕದ ಜಾನ್ ವೀವರ್ ನೂರು ವರ್ಷದ ಹಿಂದೆ ಹುಲ್ಲುಗಾವಲಿನ ಬೇರುಗಳನ್ನು ಹೀಗೆಯೇ ಬರೆದರು. ಕೂದಲೆಳೆಯಂಥವು ಹರಿದುಹೋಗುತ್ತವೆ, ನಿಜ. ಆದರೂ ಹುಲ್ಲಿನ ಸ್ವಭಾವ ತಿಳಿಯುವುದು ಕುಣಿಯಲ್ಲೇ ಎಂಬುದು ನನ್ನ ಗಟ್ಟಿ ನಂಬಿಕೆ.

ನೆಲದಲ್ಲಿ ಪಾರದರ್ಶಕ ಕೊಳವೆ ಹೂಳಿ, ಒಳಗೆ ಕ್ಯಾಮೆರಾ ಇಳಿಸಿ ನೋಡುವ ವಿಧಾನವೂ ಇದೆ. ತೊಗರಿಗೆ ಹೆಸರಾದ ತಾಂಡೂರಿನ ಎರಿಯಲ್ಲಿ ಅದನ್ನು ನಾನು ಪೂರ್ತಿ ನೆಚ್ಚುವುದಿಲ್ಲ. ಮಣ್ಣು ಒಣಗಿ ಬಿರಿದಾಗ ಕೊಳವೆಯ ಸುತ್ತ ಸಂದು ಬೀಳುತ್ತದೆ, ಬೇರುಗಳು ಅದರೊಳಗೇ ಜಾರಿ ಇಳಿದು ಇರುವುದಕ್ಕಿಂತ ಹೆಚ್ಚು ಕಾಣುತ್ತವೆ. ಮಸಾರಿ ನೆಲದಲ್ಲಿ ಆ ಕಾಟ ಕಡಿಮೆ. ಒಂದೇ ಬೇರು ಮಳೆಯ ನಂತರ ಯಾವಾಗ ಹುಟ್ಟಿತು, ಎಷ್ಟು ದಿನ ಬದುಕಿತು ಎಂದು ಹೇಳಲು ಅಗೆತದಿಂದಲೂ ಆಗದು, ತೊಳೆತದಿಂದಲೂ ಆಗದು. ಅದನ್ನು ಬಲ್ಲದ್ದು ಆ ಕೊಳವೆಯೊಂದೇ.